ಮೇ ತಿಂಗಳಲ್ಲಿ ತುಂಬುತೋಳಿನ ಅಂಗಿ

ನಮ್ಮ ಬಿಲ್ಡಿಂಗಿನ ಕೆಳಗಿರುವ ಮೆಡಿಕಲ್‌ನಲ್ಲಿ ಸಂಜೆ ಏಳರ ಹೊತ್ತಿಗೆ ಸ್ವಲ್ಪ ನಿಂತರೆ ಸಾಕು, ಯಾರಾದರೊಬ್ಬರು ಬಂದು ದನಿ ತಗ್ಗಿಸಿ "ಖುಜಲೀ ಕಾ ಟ್ಯೂಬ್ ದೇನಾ" ಅನ್ನುತ್ತಾರೆ. ಎಲ್ಲಿ ತುರಿಕೆ, ಎಷ್ಟು ದಿನದಿಂದ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಅಂಗಡಿಯವನು ಕೇಳುವುದಿಲ್ಲ. ಮಾತು ಮುಗಿಯುವ ಮೊದಲೇ ಅವನ ಕೈ ಹಿಂದಿನ ಕಪಾಟಿನ ಒಂದು ಗೂಡಿಗೆ ಹೋಗಿರುತ್ತದೆ. ರಿಕ್ಷಾದವನಿಗೂ ಅದೇ ಟ್ಯೂಬು, ಕಾಲೇಜು ಹುಡುಗಿಗೂ ಅದೇ, ಕಂಕುಳಲ್ಲಿ ಮಗು ಎತ್ತಿಕೊಂಡು ಬಂದ ತಾಯಿಗೂ ಅದೇ. ದುಡ್ಡು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಚರ್ಮ ಕೆಂಪಾಗಿ, ಒಣಗಿ, ಹಕ್ಕಳೆ ಎದ್ದರೆ ಅದೆಲ್ಲ ಒಂದೇ ಕಾಯಿಲೆ, ಅದಕ್ಕೆ ಒಂದೇ ಮುಲಾಮು ಎಂದು ಈ ಮುಂಬಯಿ ಒಪ್ಪಿಕೊಂಡು ಬಹಳ ಕಾಲವಾಯಿತು.

ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ನಮ್ಮ ಹೋಟೆಲ್ ಮಂದಿಯ ನಡುವೆ ಬೆಳೆದವನಾದ್ದರಿಂದ ಎರಡು ಸಂಗತಿಗಳನ್ನು ಹತ್ತಿರದಿಂದ ಕಂಡಿದ್ದೇನೆ. ಯಾರಿಗೂ ಅಂಟದ ಕಾಯಿಲೆಯಿದ್ದ ಒಬ್ಬರನ್ನು ಎಲ್ಲರೂ ಸೇರಿ ದೂರ ಇಟ್ಟರು. ಕೋಣೆ ತುಂಬ ಅಂಟುತ್ತಿದ್ದ ಇನ್ನೊಂದು ಕಾಯಿಲೆಯನ್ನು ಯಾರೂ ಗಮನಿಸಲೇ ಇಲ್ಲ. ಮೊದಲನೆಯದು ಮೊಣಕೈ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿತ್ತು. ಎರಡನೆಯದು ಪ್ಯಾಂಟಿನ ಒಳಗಿತ್ತು.

ಗಲ್ಲೆಯಲ್ಲಿ ಕೂತವರ ಕೈ

ಚಿಕ್ಕಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ಕ್ಲೀನರ್ ಆಗಿ ಶುರುಮಾಡಿ, ಸಪ್ಲಾಯರ್ ಆಗಿ, ಕಡೆಗೆ ಮಾಟುಂಗದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂತರು. ಬಾಯಿಲೆಕ್ಕದಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಗಲ್ಲೆಗೆ ಬಂದು ಕೆಲವು ವರ್ಷಗಳಾದ ಮೇಲೆ ಎರಡೂ ಮೊಣಕೈಯ ಹಿಂಬದಿಯಲ್ಲಿ ಮಚ್ಚೆ ಎದ್ದಿತು. ಮೊದಲು ರೂಪಾಯಿಯಗಲ, ಆಮೇಲೆ ಅಂಗೈಯಗಲ. ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಒಳಗೆ ದಪ್ಪ ಕೆಂಪು, ಮೇಲೆ ಬೆಳ್ಳಿಬಣ್ಣದ ಹುರುಪೆ ಪದರು ಪದರಾಗಿ. ತುರಿಸಿಕೊಂಡರೆ ಹುರುಪೆ ಉದುರಿ, ಕೆಳಗೆ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕಿಗಳು ಕಾಣುತ್ತಿದ್ದವು. ಆಮೇಲೆ ಮೊಣಕಾಲು, ಸೊಂಟದ ಹಿಂಭಾಗ, ತಲೆ. ತಲೆಯದನ್ನು ಹೊಟ್ಟು ಎಂದುಕೊಂಡು ಬಹಳ ದಿನ ಶಾಂಪೂ ಬದಲಿಸಿದರು. ಆದರೆ ಸಾಮಾನ್ಯ ಹೊಟ್ಟು ಹಣೆಯ ಕೂದಲಂಚು ದಾಟಿ ಹೀಗೆ ದಪ್ಪಗೆ ಹೆಪ್ಪುಗಟ್ಟುವುದಿಲ್ಲ. ಅವರಿಗಿದ್ದದ್ದು ಸೋರಿಯಾಸಿಸ್.

ಒಂದು ಸಂಜೆ ಕೆಲಸ ಮುಗಿಸಿ ಅವರನ್ನು ಕರೆದುಕೊಂಡು ಹೋಗಲು ಗಲ್ಲೆಯ ಪಕ್ಕ ಕಾಯುತ್ತ ನಿಂತಿದ್ದೆ. ದಿನಾ ಬರುವ ಗಿರಾಕಿಯೊಬ್ಬ ಬಿಲ್ಲಿನ ಜತೆ ನೋಟು ಕೊಟ್ಟ. ಚಿಕ್ಕಪ್ಪ ಚಿಲ್ಲರೆ ಎಣಿಸಿ ಕೈ ಚಾಚಿದರು. ಅಂಗಿಯ ತೋಳು ಸ್ವಲ್ಪ ಮೇಲೆ ಸರಿಯಿತು. ಆತ ಆ ಕೈಯನ್ನೇ ನೋಡಿ, ಸೋಂಪಿನ ತಟ್ಟೆಯ ಕಡೆ ಬೆರಳು ಮಾಡಿ, "ತಿಥೇ ಠೇವಾ" ಅಂದ. ಅಲ್ಲಿಡಿ ಅಂತ. ಚಿಕ್ಕಪ್ಪ ಇಟ್ಟರು. ಆತ ನೋಟುಗಳನ್ನು ತುದಿಬೆರಳಲ್ಲಿ ಎತ್ತಿಕೊಂಡು, ನಾಣ್ಯಗಳನ್ನು ಅಲ್ಲೇ ಬಿಟ್ಟು ಹೋದ. ಚಿಕ್ಕಪ್ಪ ನನ್ನ ಮುಖ ನೋಡದೆ ನಾಣ್ಯಗಳನ್ನು ಡ್ರಾಯರಿಗೆ ಸರಿಸಿ ಮುಂದಿನ ಬಿಲ್ಲಿಗೆ ಕೈ ಹಾಕಿದರು. ಸ್ವಲ್ಪ ದಿನದಲ್ಲೇ ಧಣಿ ಕರೆದು ಹೇಳಿದರಂತೆ: "ಗಿರಾಕಿಗಳ ಕಣ್ಣಿಗೆ ಬೀಳ್ತದೆ ಮಾರಾಯ, ಸ್ವಲ್ಪ ದಿನ ನೀನು ಗೋದಾಮು ನೋಡಿಕೊ." ಸಂಬಳ ಕಡಿಮೆ ಮಾಡಲಿಲ್ಲ, ಒರಟಾಗಿ ಮಾತಾಡಲೂ ಇಲ್ಲ. ಸ್ವಲ್ಪ ದಿನ ಎಂದದ್ದು ಮಾತ್ರ ಮುಗಿಯಲೇ ಇಲ್ಲ. ಅಲ್ಲಿಂದ ಮುಂದೆ ಅವರು ಮೇ ತಿಂಗಳ ಧಗೆಯಲ್ಲೂ ಮಣಿಕಟ್ಟಿನ ಗುಂಡಿ ಹಾಕಿದ ತುಂಬುತೋಳಿನ ಅಂಗಿಯಲ್ಲೇ ಇದ್ದರು. ಆ ಬೆವರು, ಆ ತಿಕ್ಕಾಟ ಆ ಚರ್ಮಕ್ಕೆ ಇನ್ನಷ್ಟು ಕೆಟ್ಟದ್ದು. ಸೋರಿಯಾಸಿಸ್ ಇದ್ದವರ ಮೈಯಲ್ಲಿ ಗೀರಿದ, ಉಜ್ಜಿದ ಜಾಗದಲ್ಲೇ ಹೊಸ ಮಚ್ಚೆ ಏಳುವುದುಂಟು.

ರಜೆಯ ದಿನ ನಮ್ಮ ಡೊಂಬಿವಲಿ ಮನೆಗೆ ಬಂದು ಮಲಗುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆ ಕೊಡವುತ್ತಿದ್ದರು. ನೀಲಿ ಬೆಡ್‌ಶೀಟಿನ ಮೇಲೆ ಹಕ್ಕಳೆಗಳು ಎದ್ದು ಕಾಣುತ್ತವೆ ಎಂದು ಅಮ್ಮ ಬಿಳಿಯದನ್ನು ಹಾಸಲು ಶುರುಮಾಡಿದಳು. ಕೊಡವಿದ ಮೇಲೂ ನೆಲದಲ್ಲಿ ಉಳಿದದ್ದನ್ನು ಅಂಗೈ ಒದ್ದೆ ಮಾಡಿಕೊಂಡು ಒತ್ತಿ ಒತ್ತಿ ತೆಗೆಯುತ್ತಿದ್ದರು. "ಪೊರಕೆಯಿಂದ ಗುಡಿಸಿದ್ರೆ ಗಾಳಿಯಲ್ಲಿ ಹಾರ್ತದೆ ಮಗಾ" ಅನ್ನುತ್ತಿದ್ದರು. ಹಾರಿದರೆ ಏನೂ ಆಗುವುದಿಲ್ಲ ಎಂಬುದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ನಡೆಯುತ್ತಿದ್ದುದು ಇಷ್ಟು. ನಮ್ಮ ಚರ್ಮದ ಹೊರಪದರದ ಜೀವಕೋಶವೊಂದು ಕೆಳಗೆ ಹುಟ್ಟಿ, ಮೇಲಕ್ಕೆ ಬಂದು, ಒಣಗಿ ಉದುರಲು ಸುಮಾರು 28 ದಿನ ಬೇಕು. ಅದು ನಮಗೆ ಕಾಣದಷ್ಟು ಸಣ್ಣದಾಗಿ ಉದುರುತ್ತದೆ. ಸೋರಿಯಾಸಿಸ್‌ನಲ್ಲಿ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ತನ್ನದೇ ಚರ್ಮದ ಮೇಲೆ ಕೆರಳುತ್ತದೆ. ಅದೇ ಪಯಣ ನಾಲ್ಕೈದು ದಿನಕ್ಕೆ ಮುಗಿಯುತ್ತದೆ. ಪೂರ್ತಿ ಬಲಿಯದ ಕೋಶಗಳು ಒಂದರ ಮೇಲೊಂದು ಬಂದು ಬೀಳುತ್ತವೆ, ಅದೇ ಆ ಬೆಳ್ಳಿಯ ಹುರುಪೆ. ಅದರಲ್ಲಿ ಅಂಟುವ ಕ್ರಿಮಿಯೇ ಇಲ್ಲ. ಅವರ ಕೈಯಿಂದ ಚಿಲ್ಲರೆ ತೆಗೆದುಕೊಂಡರೂ, ಅವರ ಹಾಸಿಗೆಯಲ್ಲಿ ಮಲಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಲೋಕಲ್ ಟ್ರೇನಿನಲ್ಲಿ ಬೆವರಿದ ಮೈಗೆ ಮೈ ಒತ್ತಿಕೊಂಡು ಡೊಂಬಿವಲಿಯಿಂದ ದಾದರಿನವರೆಗೆ ನಿಲ್ಲುವ ಊರಿನಲ್ಲಿ, ಅಂಟದ ಒಂದು ಕೈಗೆ ಮಾತ್ರ ಜನ ಹೆದರಿದರು.

ವಡಾಲದ ಹೆದರಿಕೆ

ಆ ಹೆದರಿಕೆಯ ಬೇರು ಎಲ್ಲಿಯದೆಂದು ಆಮೇಲೆ ಯೋಚಿಸಿದ್ದೇನೆ. ಮಾಟುಂಗದ ಪಕ್ಕದ ವಡಾಲದಲ್ಲಿ ಆಕ್‌ವರ್ತ್ ಕುಷ್ಠರೋಗ ಆಸ್ಪತ್ರೆಯಿದೆ, 1890ರಲ್ಲಿ ಶುರುವಾದದ್ದು. ಆ ಕಾಲದಲ್ಲಿ ಅದು ಬೀದಿಯಲ್ಲಿದ್ದ ರೋಗಿಗಳನ್ನು ತಂದಿಡುವ ಆಶ್ರಯ. 1898ರಲ್ಲಿ ಬ್ರಿಟಿಷರು ತಂದ ಕಾನೂನು ಬಡ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅಧಿಕಾರ ಕೊಟ್ಟಿತ್ತು. ಅದನ್ನು ನಮ್ಮ ದೇಶ ರದ್ದು ಮಾಡಿದ್ದು 2016ರಲ್ಲಿ. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡಬಹುದು ಎನ್ನುವ ಮಾತು ಕಾಯಿದೆಗಳಿಂದ ಹೋದದ್ದು 2019ರಲ್ಲಿ. ಕಾನೂನಿಗೇ ಇಷ್ಟು ಕಾಲ ಹಿಡಿದಿರುವಾಗ ಗಲ್ಲೆಯ ಮುಂದೆ ನಿಂತವನ ಕಣ್ಣಿನಿಂದ ಅದು ಹೋಗಲು ಎಷ್ಟು ಕಾಲ ಬೇಕೋ. ವೈದ್ಯರೇ ಬಹಳ ಕಾಲ ಈ ಎರಡನ್ನೂ ಬೆರೆಸಿಕೊಂಡಿದ್ದರು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಸೋರಿಯಾಸಿಸ್ ಬೇರೆ, ಕುಷ್ಠ ಬೇರೆ ಎಂದು ಬಿಡಿಸಿ ಹೇಳುವವರೆಗೂ ಹುರುಪೆ ಎದ್ದ ಎಷ್ಟೋ ಜನ ಕುಷ್ಠರೋಗಿಗಳ ಸಾಲಿನಲ್ಲೇ ಬದುಕಿ ಸತ್ತರು.

ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ, ಸ್ಪರ್ಶ ಮಂದವಾಗಿರುತ್ತದೆ, ಬೆವರು ಕಡಿಮೆ. ಬಿಸಿ ತಾಗಿದರೂ ತಿಳಿಯದಿರಬಹುದು. ಅಂಥ ಮಚ್ಚೆ ಇದ್ದರೆ ಬೇಗ ತೋರಿಸಬೇಕು. ಆದರೆ "ಅವರದು ಕುಷ್ಠವಲ್ಲ ಮಾರಾಯರೇ" ಎಂದು ಹೇಳಿ ಚಿಕ್ಕಪ್ಪನನ್ನು ಬಿಡಿಸಿಕೊಂಡು ಬರುವುದು ನನಗೆ ಸಾಕೆನಿಸುವುದಿಲ್ಲ. ಕುಷ್ಠವೇ ಆಗಿದ್ದರೂ ಆ ನಾಣ್ಯ ಬಿಟ್ಟುಹೋಗುವ ಅಗತ್ಯವಿರಲಿಲ್ಲ. 1982ರಿಂದ ಹಲವು ಔಷಧಗಳ ಸಂಯುಕ್ತ ಚಿಕಿತ್ಸೆ ಇದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತದೆ. ಔಷಧ ಶುರುವಾದ ಸ್ವಲ್ಪ ಸಮಯದಲ್ಲೇ ಆ ವ್ಯಕ್ತಿಯಿಂದ ಹರಡುವುದು ನಿಲ್ಲುತ್ತದೆ.

ಅಟ್ಟದ ಮೇಲೆ

ಇನ್ನು ಆ ಎರಡನೆಯದು. ನಾನು ಕೆಲವು ವರ್ಷ ಸಂಜೆ ಹೊತ್ತು ಕನ್ನಡ ರಾತ್ರಿಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಗಣಿತ ಹೇಳಿಕೊಡುತ್ತಿದ್ದೆ. ಕುಂದಾಪುರ, ಕಾರ್ಕಳ, ಬೈಂದೂರಿನ ಕಡೆಯವರು. ಕೆಲವರು ಕೂತಲ್ಲೇ ತೊಡೆ ಸರಿಸಿ ಸರಿಸಿ ತುರಿಸಿಕೊಳ್ಳುವುದು ಕಾಣುತ್ತಿತ್ತು. ಒಬ್ಬ ಮಾಣಿ ಪರೀಕ್ಷೆಯ ಹಿಂದಿನ ದಿನ ಬರಲಿಲ್ಲವೆಂದು ಅವನು ಕೆಲಸ ಮಾಡುವ ಹೋಟೆಲಿಗೆ ಹೋದೆ. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಅವರೆಲ್ಲ ಮಲಗುವುದು. ಕೆಳಗಿನ ಒಲೆಗಳ ಶಾಖ, ಇಡ್ಲಿ ಪಾತ್ರೆಯ ಹಬೆ ನೇರ ಅಲ್ಲಿಗೇ ಏರುತ್ತದೆ. ಜುಲೈ ತಿಂಗಳು. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಚಡ್ಡಿ, ಬನಿಯನ್, ಜೀನ್ಸು, ನಡುವೆ ಎರಡೇ ಟವೆಲು. ಮುಟ್ಟಿದರೆ ಎಲ್ಲವೂ ಒದ್ದೆ. ಹುಡುಗ ಜ್ವರ ಬಂದು ಮಲಗಿದ್ದ. ಅವನ ತಲೆಯ ಮೇಲೆ, ಕನ್ನಡಿಯ ಪಕ್ಕದ ಮೊಳೆಗೆ, ಒಂದು ಟ್ಯೂಬನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದರು. ಬಾಲದ ಕಡೆಯಿಂದ ಮಡಚಿ ಮಡಚಿ ಕೊನೆಯ ಹನಿಯವರೆಗೂ ಹಿಂಡಿದ್ದ ಟ್ಯೂಬು. ಯಾರದ್ದು ಎಂದೆ. "ಎಲ್ಲರದ್ದೂ ಸರ್" ಅಂದ.

ಆಮೇಲೆ ನಾಚಿಕೆಪಡುತ್ತ ತೋರಿಸಿದ. ತೊಡೆಸಂದಿನಿಂದ ಹೊಟ್ಟೆಯವರೆಗೆ ಏರಿದ ಹುಳುಕಡ್ಡಿ, ಬೂಷ್ಟಿನ ಜಾತಿಯ ಶಿಲೀಂಧ್ರದಿಂದ ಬರುವ ಚರ್ಮರೋಗ. ಇಲ್ಲಿಯವರು ನಾಯ್ಟಾ ಅನ್ನುತ್ತಾರೆ. ಹುಳುಕಡ್ಡಿಯ ಸಾಮಾನ್ಯ ಚಹರೆ ಸುಲಭ: ಉಂಗುರದ ಆಕಾರ, ಅಂಚು ಉಬ್ಬಿ ಹಕ್ಕಳೆ ಎದ್ದಿರುತ್ತದೆ, ನಡುಭಾಗ ತಿಳಿಯಾಗಿರುತ್ತದೆ. ಇವನ ಮೈಮೇಲೆ ಆ ಚಹರೆಯೇ ಕಲಸಿಹೋಗಿತ್ತು. ಉಂಗುರದೊಳಗೆ ಇನ್ನೊಂದು ಉಂಗುರ, ಕೆಲವು ಕಡೆ ಅಂಚೇ ಇಲ್ಲ. ತೊಡೆಯ ಒಳಬದಿಯಲ್ಲಿ ಬಸುರಿಯ ಹೊಟ್ಟೆಯಲ್ಲಿ ಏಳುವಂಥ ಉದ್ದುದ್ದ ಸೀಳುಗೆರೆಗಳು, ಹದಿನೆಂಟರ ಹುಡುಗನಿಗೆ. ಆ ಗೆರೆಗಳು ಹುಳುಕಡ್ಡಿಯಿಂದ ಬಂದವಲ್ಲ, ಟ್ಯೂಬಿನಿಂದ ಬಂದವು.

ಆ ಟ್ಯೂಬಿನಲ್ಲಿ ಏನಿರುತ್ತದೆಂದು ಬಹಳ ಜನಕ್ಕೆ ಗೊತ್ತಿಲ್ಲ. ಶಿಲೀಂಧ್ರ ಕೊಲ್ಲುವ ಔಷಧ, ಬ್ಯಾಕ್ಟೀರಿಯಾ ಕೊಲ್ಲುವ ಔಷಧ, ಜತೆಗೆ ಕ್ಲೊಬೆಟಾಸೋಲ್ ಅಥವಾ ಬೀಟಾಮೆಥಾಸೋನ್‌ನಂಥ ಬಲವಾದ ಸ್ಟೀರಾಯ್ಡ್. ಹಚ್ಚಿದ ರಾತ್ರಿಯೇ ತುರಿಕೆ ತಗ್ಗುತ್ತದೆ, ಕೆಂಪು ಇಳಿಯುತ್ತದೆ. ಅದು ಸ್ಟೀರಾಯ್ಡಿನ ಕೆಲಸ. ಶಿಲೀಂಧ್ರದ ವಿರುದ್ಧ ಚರ್ಮ ಮಾಡುತ್ತಿದ್ದ ಹೋರಾಟವನ್ನೇ ಅದು ಅದುಮಿ ಹಾಕುತ್ತದೆ, ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಟ್ಯೂಬು. ಚರ್ಮ ತೆಳುವಾಗಿ ಸೀಳುತ್ತ ಹೋಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ನಮ್ಮ ಬಿಲ್ಡಿಂಗಿನ ಕೆಳಗಿನ ಕಪಾಟಿನ ಗೂಡಿಗೆ ಆ ಸುದ್ದಿ ತಲುಪಿಲ್ಲ.

ಇದು ಒಂದು ಅಟ್ಟದ ಕತೆಯಾಗಿ ಉಳಿದಿಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಭಾರತದ ಹುಳುಕಡ್ಡಿಯೇ ಬದಲಾಗಿದೆ. ಮೊದಲು ಕೆಲವು ವಾರಗಳಲ್ಲಿ ಹೋಗುತ್ತಿದ್ದದ್ದು ಈಗ ತಿಂಗಳುಗಟ್ಟಲೆ ಹಟ ಹಿಡಿಯುತ್ತದೆ. 2020ರಲ್ಲಿ ಜಪಾನಿನ ಸಂಶೋಧಕರು ಭಾರತ ಮತ್ತು ನೇಪಾಳದ ರೋಗಿಗಳಿಂದ ಸಿಕ್ಕ ಶಿಲೀಂಧ್ರಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೊಸ ಹೆಸರಿಟ್ಟರು. ಹುಳುಕಡ್ಡಿಗೆ ಹೆಚ್ಚಾಗಿ ಕೊಡುವ ಟರ್ಬಿನಾಫಿನ್ ಗುಳಿಗೆಗೆ ಇದರ ಹಲವು ತಳಿಗಳು ಬಗ್ಗುವುದಿಲ್ಲ. 2023ರಲ್ಲಿ ಅದು ನ್ಯೂಯಾರ್ಕಿನಲ್ಲೂ ಕಾಣಿಸಿತು. ಇಷ್ಟೆಲ್ಲ ಹರಡುವ ಕಾಯಿಲೆಯಿದ್ದ ಆ ಹುಡುಗರು ದಿನವಿಡೀ ದೋಸೆ, ಕಾಫಿ ಕೊಡುತ್ತಿದ್ದರು. ಯಾರೂ ಅವರಿಗೆ "ಅಲ್ಲಿಡಿ" ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ, ತೊಡೆಯಲ್ಲಿರುವುದು ತಟ್ಟೆಯ ಮೂಲಕ ಬರುವುದಿಲ್ಲ. ಆದರೆ ಆ ಎರಡು ಟವೆಲಿನಿಂದ, ಒಟ್ಟಿಗೆ ಹಾಸಿದ ಚಾಪೆಯಿಂದ ಒಬ್ಬರಿಂದೊಬ್ಬರಿಗೆ ಬರುತ್ತಲೇ ಇತ್ತು.

ನೀರು, ಸೋಪು, ಬೆಳ್ಳುಳ್ಳಿ

ಹೋಟೆಲಿನಲ್ಲಿ ಇನ್ನೂ ಒಂದು ಬಗೆಯ ಒಣಗಿ ಒಡೆದ ಚರ್ಮವಿದೆ, ಅದೂ ಅಂಟುವುದಿಲ್ಲ. ಪಾತ್ರೆ ತೊಳೆಯುವವರ ಬೆರಳ ಸಂದು, ಕೈಯ ಹಿಂಬದಿ ಸಿಪ್ಪೆ ಎದ್ದು ಸೀಳಿರುತ್ತದೆ. ಸೋಪಿನಪುಡಿ, ನೀರು ಚರ್ಮದ ಎಣ್ಣೆಯಂಶವನ್ನು ತೊಳೆದು ಹಾಕಿ ತರುವ ಇಸುಬು ಅದು. ಅಡುಗೆಯವರಲ್ಲಿ ಮಾತ್ರ ಇನ್ನೊಂದು ವಿಶೇಷ ಕಾಣುತ್ತದೆ: ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳಷ್ಟೇ ಒಣಗಿ, ದಡ್ಡುಗಟ್ಟಿ, ಬಿರಿದಿರುತ್ತವೆ. ಬೆಳ್ಳುಳ್ಳಿ ಹಿಡಿಯುವುದು ಆ ಮೂರು ಬೆರಳಲ್ಲಿ, ಬಲಗೈಯಲ್ಲಿ ಚೂರಿ. ಬೆಳ್ಳುಳ್ಳಿಯ ಅಲರ್ಜಿಯನ್ನು ಆ ಮೂರು ಬೆರಳು ನೋಡಿಯೇ ಗುರುತಿಸುವ ಚರ್ಮವೈದ್ಯರಿದ್ದಾರೆ. ನನಗೆ ಪರಿಚಯದ ಭಟ್ರೊಬ್ಬರಿಗೆ ಹಾಗೆಯೇ ಗೊತ್ತಾಯಿತು. ಅವರೂ ಅದಕ್ಕೆ ಮುನ್ನ ಅದೇ ಟ್ಯೂಬನ್ನು ಹಚ್ಚುತ್ತಿದ್ದರು.

ಬರೀ ಒಣಚರ್ಮದ ಮಾತಾದರೆ, ಡಿಸೆಂಬರಿನಲ್ಲಿ ಉಡುಪಿಯಿಂದ ಪುಣೆಯ ಮಗನ ಮನೆಗೆ ಬರುವ ಅಜ್ಜಿಯರನ್ನು ನೋಡಬೇಕು. ಕಡಲ ತೇವದಲ್ಲಿ ಬದುಕಿದ ಕಾಲು ಪುಣೆಯ ಒಣ ಚಳಿಗೆ ಬೇಸಗೆಯ ಕೆರೆಯಂಗಳದ ಹಾಗೆ ಬಿರಿಯುತ್ತದೆ. ಕುದಿನೀರಿನ ಸ್ನಾನ, ಮೈಯೆಲ್ಲ ಸೋಪು ಅದನ್ನು ಹೆಚ್ಚಿಸುತ್ತವೆ. ಉಗುರು ಬೆಚ್ಚಗಿನ ನೀರು, ಕಡಿಮೆ ಸೋಪು, ಮೈ ಒರೆಸಿದ ಮೂರು ನಿಮಿಷದೊಳಗೆ ಹಸಿ ಇರುವಾಗಲೇ ವ್ಯಾಸಲೀನೋ ತೆಂಗಿನೆಣ್ಣೆಯೋ ಹಚ್ಚಿದರೆ ಬಹುಪಾಲು ಸರಿಹೋಗುತ್ತದೆ. ಹೋಗದಿದ್ದರೆ ಸಕ್ಕರೆ, ಥೈರಾಯ್ಡ್ ನೋಡಿಸಬೇಕು. ಎಳವೆಯಿಂದಲೇ ಕಾಲಿನ ಮೇಲೆ ಮೀನಿನ ಹುರುಪೆಯಿದ್ದವರದು ಬೇರೆ, ಅದು ಇಕ್ತಿಯೋಸಿಸ್. ಚರ್ಮದ ತೇವ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಇರುತ್ತದೆ ಎಂದು 2006ರಲ್ಲಿ ಗೊತ್ತಾಯಿತು. ಈ ಯಾವುದಕ್ಕೂ ಆ ಟ್ಯೂಬಿನ ಕೆಲಸವಿಲ್ಲ.

ಧಗೆಯಲ್ಲಿ ಕಂಬಳಿ

ಚಿಕ್ಕಪ್ಪನಿಗೆ ಗೋದಾಮಿನ ದಿನಗಳಲ್ಲಿ ಯಾರೋ ಒಬ್ಬ ಡಾಕ್ಟರರ ಹೆಸರು ಹೇಳಿದರು. ಒಂದು ಇಂಜೆಕ್ಷನ್, ಪೊಟ್ಟಣದಲ್ಲಿ ಕಟ್ಟಿದ ಸಣ್ಣ ಗುಳಿಗೆಗಳು. ವಾರ ಕಳೆಯುವುದರೊಳಗೆ ಮೈ ತಿಳಿಯಾಯಿತು. ಅವರು ಅರ್ಧತೋಳಿನ ಅಂಗಿ ಹಾಕಿಕೊಂಡು ಮನೆಗೆ ಬಂದದ್ದು, ಅಮ್ಮ ಮೊಣಕೈ ಮುಟ್ಟಿ ಮುಟ್ಟಿ ನೋಡಿದ್ದು ನೆನಪಿದೆ. ಗುಳಿಗೆ ಸ್ಟೀರಾಯ್ಡ್ ಎಂದು ಯಾರೂ ಹೇಳಿರಲಿಲ್ಲ. ಊರಿಗೆ ಹೋಗುವಾಗ ಅದು ಮುಗಿದುಹೋಯಿತು, ಒಮ್ಮೆಲೇ ನಿಂತಿತು. ಮರಳಿ ಬಂದವರನ್ನು ನೋಡಿದಾಗ ಮುಖದಿಂದ ಪಾದದವರೆಗೆ ಕೆಂಪು, ಬಿಡಿ ಮಚ್ಚೆಗಳೇ ಇಲ್ಲ, ಇಡೀ ಮೈ ಒಂದೇ ಮಚ್ಚೆ. ಹೊರಗೆ ಮೇ ತಿಂಗಳ ಧಗೆ, ಅವರು ಕಂಬಳಿ ಹೊದ್ದು ನಡುಗುತ್ತಿದ್ದರು. ಮೈಯೆಲ್ಲ ಹೀಗೆ ಕೆಂಪೇರಿದರೆ ಚರ್ಮಕ್ಕೆ ದೇಹದ ಶಾಖವನ್ನಾಗಲಿ ನೀರನ್ನಾಗಲಿ ಹಿಡಿದಿಡಲು ಆಗುವುದಿಲ್ಲ. ಜೀವಕ್ಕೇ ಅಪಾಯ. ಸೋರಿಯಾಸಿಸ್ ಇದ್ದವರಿಗೆ ಸ್ಟೀರಾಯ್ಡ್ ಗುಳಿಗೆ ಕೊಟ್ಟು ತಟ್ಟನೆ ನಿಲ್ಲಿಸಿದರೆ ಹೀಗಾಗಬಹುದೆಂಬುದು ವೈದ್ಯಕೀಯ ವಿದ್ಯಾರ್ಥಿಗಳೂ ಓದುವ ಪಾಠ.

ಮಹಾನಗರಪಾಲಿಕೆಯ ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಅಲ್ಲಿನ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಕೈಗವಸು ಹಾಕದೆ ಅವರ ಮೊಣಕೈ ಹಿಡಿದು ನೋಡಿದರು, ಉಗುರುಗಳನ್ನು ಬೆಳಕಿಗೆ ತಿರುಗಿಸಿ ಸೂಜಿ ಚುಚ್ಚಿದಂಥ ಗುಳಿಗಳನ್ನು ನಮಗೆ ತೋರಿಸಿದರು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತದೆಯೇ ಎಂದು ಕೇಳಿದರು. ಆಗುತ್ತಿರಲಿಲ್ಲ. ಅದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ಸೋರಿಯಾಸಿಸ್ ಕೆಲವರಲ್ಲಿ ಕೀಲುಗಳನ್ನೂ ಹಿಡಿಯುತ್ತದೆ, ಬಿಟ್ಟರೆ ಕೀಲು ಸೊಟ್ಟಗಾಗಬಹುದು. ಮೆಥೊಟ್ರೆಕ್ಸೇಟ್ ಬರೆದುಕೊಟ್ಟು, "ವಾರಕ್ಕೆ ಒಂದೇ ದಿನ. ಪ್ರತಿದಿನ ತಗೊಂಡರೆ ವಿಷ" ಎಂದು ಚೀಟಿಯ ಮೇಲೆ ಆ ದಿನದ ಹೆಸರಿಗೆ ಕೆಂಪು ಸುತ್ತು ಹಾಕಿದರು. ನಡುನಡುವೆ ರಕ್ತಪರೀಕ್ಷೆ, ಕುಡಿತ ಪೂರ್ತಿ ಬಂದ್. ಕಾಯಿಲೆ ಬೇರುಸಹಿತ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದೂ ನೇರವಾಗಿ ಹೇಳಿದರು. ಚಿಕ್ಕಪ್ಪನಿಗೆ ಆ ನೇರ ಮಾತೇ ಸಮಾಧಾನ ತಂದಿತು. "ಹೋಗ್ತದೆ ಹೋಗ್ತದೆ ಅಂತ ಎಲ್ಲರೂ ದುಡ್ಡು ತಗೊಂಡದ್ದೇ ಆಯ್ತು" ಅಂದರು.

ಓಪಿಡಿ ಬೆಳಿಗ್ಗೆ, ಬಿಡುವು ಮಧ್ಯಾಹ್ನ

ಮುಂಬಯಿ ಪಾಲಿಕೆಯ ದೊಡ್ಡ ಆಸ್ಪತ್ರೆಗಳಾದ ಕೆ.ಇ.ಎಂ., ಸಯನ್, ನಾಯರ್ ಮೂರೂ ಕಡೆ ಚರ್ಮದ ವಿಭಾಗವಿದೆ, ಕೇಸ್ ಪೇಪರಿಗೆ ಹೆಚ್ಚು ದುಡ್ಡಿಲ್ಲ. ಹಾಗಿದ್ದೂ ನಮ್ಮ ಹುಡುಗರು ಮೆಡಿಕಲ್‌ಗೇ ಏಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅಜ್ಞಾನ ಎಂದು ನಾನು ಒಪ್ಪುವುದಿಲ್ಲ. ಓಪಿಡಿಯ ಸಾಲು ಬೆಳಿಗ್ಗೆ. ಹೋಟೆಲಿನಲ್ಲಿ ಆ ಹೊತ್ತಿಗೆ ತಿಂಡಿಯ ಗಿರಾಕಿ, ಆಮೇಲೆ ಊಟದ ತಯಾರಿ. ಹುಡುಗರಿಗೆ ಬಿಡುವು ಸಿಗುವುದು ಮಧ್ಯಾಹ್ನ ಮೂರರ ಮೇಲೆ, ಅಷ್ಟರಲ್ಲಿ ಕಿಟಕಿ ಮುಚ್ಚಿರುತ್ತದೆ. ಆ ಹೊತ್ತಿನಲ್ಲಿ ತೆರೆದಿರುವುದು ಮೆಡಿಕಲ್ ಒಂದೇ.

ಪರಿಚಯದ ಧಣಿಯೊಬ್ಬರ ಹತ್ತಿರ ಇದನ್ನು ಮಾತಾಡಿದೆ. "ಎಲ್ಲರನ್ನೂ ಬೆಳಿಗ್ಗೆ ಕಳಿಸಿದ್ರೆ ಇಡ್ಲಿ ಇಳಿಸುದು ಯಾರು ಹೇಳಿ" ಅಂದರು. ನ್ಯಾಯವಾದ ಪ್ರಶ್ನೆ. ಎಲ್ಲರೂ ಒಂದೇ ದಿನ ಹೋಗಬೇಕಿಲ್ಲ, ಆದರೆ ಒಂದು ವಾರದೊಳಗೆ ಎಲ್ಲರೂ ಹೋಗಿಬರಬೇಕು ಎಂದೆ. ಒಬ್ಬ ವಾಸಿಯಾಗಿ ಅಟ್ಟಕ್ಕೆ ಮರಳಿದರೆ ಪಕ್ಕದವನಿಂದ ಮತ್ತೆ ಬರುತ್ತದೆ. ಅವರು ಒಪ್ಪಿದರು, ಇಬ್ಬಿಬ್ಬರಂತೆ ಕಳಿಸಿದರು. ತಲೆಗೊಂದು ಟವೆಲು ತಂದುಕೊಟ್ಟರು. ವೈದ್ಯರು ಹೇಳಿದ್ದನ್ನು ಹುಡುಗರು ಈಗ ಕನ್ನಡಿಯ ಪಕ್ಕ ಬರೆದು ಅಂಟಿಸಿದ್ದಾರೆ: ತುರಿಕೆ ನಿಂತಿತೆಂದು ಔಷಧ ನಿಲ್ಲಿಸಬಾರದು, ಮಚ್ಚೆ ಪೂರ್ತಿ ಹೋದ ಮೇಲೂ ಎರಡು ವಾರ ಹಚ್ಚಬೇಕು. ಬಿಗಿ ಜೀನ್ಸು ಬೇಡ. ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಮುಂಬಯಿ ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದು ಒಬ್ಬ ಕೇಳಿದ್ದಕ್ಕೆ, ಒಳಉಡುಪಿಗೂ ಇಸ್ತ್ರಿ ಹಾಕಿ, ಸೊಂಟದ ಪಟ್ಟಿ, ಹೊಲಿಗೆಯ ಮೇಲೆ ಜಾಸ್ತಿ ಹೊತ್ತು ಒತ್ತಿ ಎಂದರಂತೆ. ಧಣಿ ಇಸ್ತ್ರಿಪೆಟ್ಟಿಗೆಯನ್ನೂ ಕೊಡಿಸಿದ್ದಾರೆ.